ಹಣೆಗೆ ಹಚ್ಚಿದ ಎಣ್ಣೆ

ನಮ್ಮ ಹೊಸೂರು ಸೀಮೆಯಲ್ಲಿ ರಾಗಿ ಹೊಲದ ನಡುವೆ ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡೋದು ತಾತನ ಕಾಲದ ಪದ್ಧತಿ. ಹುಟ್ಟಿದ ಕೂಸಿನ ನೆತ್ತಿಗೆ, ಮದುವೆ ಗಂಡಿನ ಮೈಗೆ, ದೇವರ ದೀಪಕ್ಕೆ ಎಣ್ಣೆ ಬೇಕು ಅಂತ ನನಗೂ ಗೊತ್ತು. ಆದರೆ ಕ್ರೈಸ್ತರ ಎಣ್ಣೆಯ ವಿಚಾರವನ್ನು ತಪ್ಪಾಗಿ ತಿಳಿದಿದ್ದೆ. ಆ ತಪ್ಪಿನಿಂದ ಒಂದು ಮನೆಗೆ ಅನ್ಯಾಯವಾಯಿತು. ವಾಚನಾಲಯದ ಹುಡುಗರು ಏನಾದರೂ ಬರೆದುಕೊಡಿ ಅಂದಾಗ ಅದನ್ನೇ ಬರೆಯೋಣ ಅನ್ನಿಸಿತು.

1989ರ ಮಾಗಿಕಾಲ. ನಮ್ಮ ಭಜನೆ ಮೇಳದಲ್ಲಿ ಡೋಲಕ್ ಬಾರಿಸುವ ಗೆಳೆಯ ಕ್ರೈಸ್ತ. ಅವನ ಅಪ್ಪನನ್ನು ನಾನು ದೊಡ್ಡಪ್ಪ ಅಂತಲೇ ಕರೀತಿದ್ದೆ. ಎದೆಯಲ್ಲಿ ಕಫ ಕಟ್ಟಿ ಮಲಗಿದ್ದರು. "ಪಾದ್ರಿಗಳನ್ನ ಕರೆಸ್ರಪ್ಪ, ಎಣ್ಣೆ ಹಚ್ಚಿಸ್ಕೋತೀನಿ" ಅಂತ ಎರಡು ದಿನದಿಂದ ಹೇಳ್ತಾ ಇದ್ರಂತೆ. ನಮ್ಮ ಕಡೆ ಅದಕ್ಕೆ ತಮಿಳಿನಿಂದ ಬಂದ ಹೆಸರು, ಅವಸ್ಥೆ ಪೂಸುವುದು. ಪಾದ್ರಿಗಳು ಎಣ್ಣೆ ತಂದರು ಅಂದ್ರೆ ಬೀದಿಯವರು ಪೆಟ್ಟಿಗೆಗೆ ಹಲಗೆ ಹುಡುಕೋರು. "ಏನಣ್ಣಾ ಮಾಡೋದು?" ಅಂತ ಗೆಳೆಯ ನನ್ನನ್ನು ಕೇಳಿದ. "ಬೇಡ ಕಣೋ, ಮುದುಕರು ಹೆದರಿಕೊಂಡೇ ಹೋಗಿಬಿಡ್ತಾರೆ" ಅಂದೆ. ಮೂರನೇ ದಿನ ಹೋದರು. ಪಾದ್ರಿಗಳು ಬಂದದ್ದು ಮಣ್ಣಿಗೆ.

ಬಹಳ ವರ್ಷ ಆದಮೇಲೆ ಗೆಳೆಯನ ಮನೆಯ ಸತ್ಯವೇದವನ್ನು ಇಸಕೊಂಡು ಬಂದು, ಎಣ್ಣೆ ಅಂತ ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಓದಿದೆ. ನಾನು ಓದಿದ್ದು ಏಳನೇ ಕ್ಲಾಸು, ನಿಧಾನವಾಗಿಯೇ ಓದಿದೆ.

ಮೊದಲು ಸಿಕ್ಕಿದ್ದು ಒಂದು ಕಲ್ಲು. ಅಣ್ಣನ ಕೋಪಕ್ಕೆ ಹೆದರಿ ಊರು ಬಿಟ್ಟ ಯಾಕೋಬ ಬಯಲಲ್ಲಿ ಕಲ್ಲಿಗೆ ತಲೆಕೊಟ್ಟು ಮಲಗಿ ಕನಸು ಕಾಣ್ತಾನೆ. ಬೆಳಿಗ್ಗೆ ಎದ್ದು ಆ ಕಲ್ಲನ್ನೇ ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ಆ ಜಾಗಕ್ಕೆ ಬೇತೇಲ್, ಅಂದರೆ ದೇವರ ಮನೆ, ಅಂತ ಹೆಸರಿಟ್ಟ. ಕಲ್ಲಿಗೆ ಎಣ್ಣೆ ಎರೆಯೋದು ನಮಗೇನು ಹೊಸದಲ್ಲ, ಓದಿ ನಗು ಬಂತು.

ಆಮೇಲೆ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ಅಭಿಷೇಕ ತೈಲದ ಪಾಕವೇ ಇದೆ. ರಕ್ತಬೋಳ 500 ಶೆಕೆಲ್, ಸುವಾಸನೆಯ ಚಕ್ಕೆ 250, ಬಜೆಯಂಥ ಪರಿಮಳದ ಜೊಂಡು 250, ಇನ್ನೊಂದು ಜಾತಿಯ ಚಕ್ಕೆ 500, ಎಣ್ಣೆಮರದ ಎಣ್ಣೆ ಒಂದು ಹಿನ್. ಈಗಿನ ಲೆಕ್ಕಕ್ಕೆ ಸಾಮಾನು ಹದಿನೇಳು ಕೇಜಿ ಹತ್ತಿರ ಬರುತ್ತೆ, ಎಣ್ಣೆ ನಾಲ್ಕು ಲೀಟರು ಆಸುಪಾಸು. ಇಷ್ಟು ಎಣ್ಣೆ ಅಷ್ಟು ಸಾಮಾನಿಗೆ ಸವರೋಕೂ ಸಾಲದು. ಯೆಹೂದಿ ಪಂಡಿತರಿಗೂ ಇದೇ ಸಂಶಯ ಬಂದು, ನೀರಲ್ಲಿ ನೆನೆಸಿದರೋ ಕುದಿಸಿ ಸಾರ ಇಳಿಸಿದರೋ ಅಂತ ಹಿಂದೆಯೇ ಚರ್ಚೆ ಮಾಡಿದ್ದಾರೆ. ಇದನ್ನು ಮನೆಬಳಕೆಗೆ ಮಾಡಿಕೊಳ್ಳುವ ಹಾಗಿಲ್ಲ. ಗುಡಾರಕ್ಕೆ, ಪಾತ್ರೆಗಳಿಗೆ, ಯಾಜಕ ಆರೋನನಿಗೆ, ಅವನ ಮಕ್ಕಳಿಗೆ ಮಾತ್ರ. ಹಚ್ಚಿದರೆ ಅದು ದೇವರಿಗೆ ಮೀಸಲು ಅಂತ ಗುರುತು.

ನನಗೆ ಬಲು ಹಿಡಿಸಿದ್ದು ದಾವೀದನ ಕಥೆ. ಪ್ರವಾದಿ ಸಮುವೇಲ ಕೊಂಬಿನಲ್ಲಿ ಎಣ್ಣೆ ತುಂಬಿಕೊಂಡು ಬಂದು ಇಷಯನ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡ್ತಾನೆ. ಏಳು ಜನ ಮುಂದೆ ಹಾದುಹೋದರೂ ಆಗಲಿಲ್ಲ. ಇನ್ಯಾರೂ ಇಲ್ವಾ ಅಂದಾಗ, ಚಿಕ್ಕವನೊಬ್ಬ ಕುರಿ ಮೇಯಿಸ್ತಿದ್ದಾನೆ ಅಂದ ಅಪ್ಪ. ಅವನನ್ನೇ ಕರೆಸಿ ಎಣ್ಣೆ ಎರೆದರು. ಹುಡುಗ ಮತ್ತೆ ಕುರಿ ಹಿಂದೆಯೇ ಹೋದ, ಪಟ್ಟ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಹೀಗೆ ಎಣ್ಣೆ ಹಚ್ಚಿಸಿಕೊಂಡವನಿಗೆ ಇಬ್ರಿಯ ಭಾಷೆಯಲ್ಲಿ ಮೆಸ್ಸೀಯ ಅಂತಾರೆ, ಗ್ರೀಕಿನಲ್ಲಿ ಕ್ರಿಸ್ತ. ಗೆಳೆಯನ ಜೊತೆ ನಲವತ್ತು ವರ್ಷ ಹಾಡಿದ ನನಗೆ ಕ್ರಿಸ್ತ ಅನ್ನೋ ಮಾತಿನೊಳಗೆ ಎಣ್ಣೆ ಇದೆ ಅಂತ ಗೊತ್ತೇ ಇರಲಿಲ್ಲ! ಯೇಸು ಹಿಡಿದುಕೊಟ್ಟು ಹೋದ ಜಾಗ ಗೆತ್ಸೆಮನೆ, ಹಾಗಂದರೆ ಎಣ್ಣೆ ಗಾಣ.

ಸಾವಿಗೂ ಎಣ್ಣೆಗೂ ನಂಟು ಇರೋದು ಬೇಥಾನ್ಯದ ಹೆಂಗಸಿನ ಕಥೆಯಲ್ಲಿ. ಅವಳು ಭರಣಿ ಒಡೆದು ಯೇಸುವಿನ ತಲೆಗೆ ಜಟಾಮಾಂಸಿ ತೈಲ ಸುರಿದಳು. ಬೆಲೆ 300 ದೇನಾರಿಗೂ ಮೇಲು. ಆಗ ಒಂದು ದೇನಾರಿ ಒಂದು ದಿನದ ಕೂಲಿ, ಅಂದರೆ ಹೆಚ್ಚುಕಡಿಮೆ ವರ್ಷದ ದುಡಿಮೆ. ದಂಡ ಮಾಡಿದಳು ಅಂತ ಸುತ್ತಲಿದ್ದವರು ಬೈದರು. ನನ್ನ ಮಣ್ಣಿಗೆ ಮುಂಚಿತವಾಗಿ ಮಾಡಿದ್ದಾಳೆ, ಬಿಡಿ ಅಂದ ಯೇಸು. ಜಟಾಮಾಂಸಿ ಹಿಮಾಲಯದ ಬೇರು. ಕೇರಳದ ಮುಚಿರಿ ರೇವಿನಿಂದ ರೋಮಿನವರ ಹಡಗಿಗೆ ಗಂಗೆಯ ಕಡೆಯ ಜಟಾಮಾಂಸಿ ಹೋದ ಲೆಕ್ಕದ ಗ್ರೀಕ್ ಪತ್ರವೊಂದು, 2ನೇ ಶತಮಾನದ್ದು, ವಿಯೆನ್ನಾದಲ್ಲಿ ಇದೆ.

ಆದರೆ ಕಾಯಿಲೆಯವರ ಎಣ್ಣೆಯೇ ಬೇರೆ. ಶಿಷ್ಯರು ಊರೂರು ತಿರುಗಿ ರೋಗಿಗಳಿಗೆ ಎಣ್ಣೆ ಹಚ್ಚಿ ವಾಸಿಮಾಡಿದರು ಅಂತ ಮಾರ್ಕನ 6ನೇ ಅಧ್ಯಾಯ ಹೇಳುತ್ತೆ. ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹುಯ್ದು ಕಟ್ಟಿದ. ಯಾಕೋಬನ ಪತ್ರಿಕೆಯಲ್ಲಂತೂ, ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಸ್ಪಷ್ಟವಾಗಿದೆ. ಕಾಯಿಲೆ ಬಿದ್ದವನು ಅಂತ ಇದೆ, ಸಾಯುವವನು ಅಂತಲ್ಲ. 416ರಲ್ಲಿ ರೋಮಿನ ಪೋಪ್ ಮೊದಲನೆಯ ಇನ್ನೊಸೆಂಟ್ ಬರೆದ ಕಾಗದದ ಪ್ರಕಾರ, ಬಿಷಪ್ ಮಂತ್ರಿಸಿದ ಎಣ್ಣೆಯನ್ನು ಸಾಮಾನ್ಯ ಕ್ರೈಸ್ತರೂ ತಮಗೂ ತಮ್ಮವರಿಗೂ ಹಚ್ಚಿಕೊಳ್ಳಬಹುದಿತ್ತು.

ಮತ್ತೆ ಅದು ಮರಣದ ಎಣ್ಣೆ ಆದದ್ದು ಯಾವಾಗ? 8-9ನೇ ಶತಮಾನದ ಹೊತ್ತಿಗೆ ಯುರೋಪಿನಲ್ಲಿ ಎಣ್ಣೆ ಮನೆಯವರ ಕೈತಪ್ಪಿ ಪಾದ್ರಿಗಳ ಕೈ ಸೇರಿತು. ಸಾಯುವಾಗಿನ ಪಾಪ ನಿವೇದನೆಯ ಜೊತೆ ಸೇರಿಕೊಂಡು ಹಿಂದೆ ಹಿಂದೆ ಸರಿದು, 12ನೇ ಶತಮಾನಕ್ಕೆ ಕೊನೆಯ ಅಭ್ಯಂಗ ಅಂತಲೇ ಹೆಸರಾಯಿತು. ಅದೇ ಕಾಲದಲ್ಲಿ ದೊರೆಗಳೂ ಎಣ್ಣೆಗೆ ಕೈಹಾಕಿದರು. 751ರಲ್ಲಿ ಫ್ರಾಂಕರ ಪೆಪಿನ್ ಎಣ್ಣೆ ಹಚ್ಚಿಸಿಕೊಂಡು ಪಟ್ಟಕ್ಕೆ ಬಂದ. ಮೊನ್ನೆ 2023ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್‌ಗೂ ಪರದೆಯ ಮರೆಯಲ್ಲಿ ಹಚ್ಚಿದರು. ರಾಜರ ವಿಚಾರ ಅಷ್ಟು ಸಾಕು.

ಕ್ಯಾಥೊಲಿಕರು ಇದನ್ನು ತಿದ್ದಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಇದು ಸಾಯುವವರಿಗೆ ಮಾತ್ರ ಅಲ್ಲ, ರೋಗಿಗಳ ಅಭ್ಯಂಗ ಅನ್ನೋದೇ ಸರಿಯಾದ ಹೆಸರು ಅಂತ 1963ರಲ್ಲಿ ಬರೆದರು. 1972ರಲ್ಲಿ ಪೋಪ್ ಆರನೇ ಪೌಲ್ ಹೊಸ ಕ್ರಮ ತಂದರು. ಹಣೆಗೆ, ಅಂಗೈಗಳಿಗೆ ಹಚ್ಚಿದರೆ ಸಾಕು. ಎಣ್ಣೆಮರದ ಎಣ್ಣೆ ಸಿಗದ ಕಡೆ ಬೇರೆ ಗಿಡದ ಎಣ್ಣೆಯೂ ಆಗುತ್ತೆ.

ನಾನು ಬೇಡ ಅಂದದ್ದು 1989ರಲ್ಲಿ. ಕಟ್ಟಳೆ ಬದಲಾಗಿ 17 ವರ್ಷ ಆಗಿತ್ತು, ನಮ್ಮ ಬೀದಿಗೆ ಬಂದಿರಲಿಲ್ಲ.

ಮೂರು ವರ್ಷದ ಹಿಂದೆ ಗೆಳೆಯನಿಗೆ ಹೊಟ್ಟೆಯ ಆಪರೇಷನ್ ಆಯಿತು. ಹಿಂದಿನ ದಿನ ಅವನೇ ಫಾದರಿಗೆ ಫೋನ್ ಮಾಡಿಸಿದ. ಸಣ್ಣ ಡಬ್ಬಿ, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಹೆಬ್ಬೆರಳಿಂದ ಹಣೆಗೆ, ಅಂಗೈಗಳಿಗೆ ಶಿಲುಬೆ ಗುರುತು ಹಾಕಿದರು. ಹತ್ತು ನಿಮಿಷ ಆಗಲಿಲ್ಲ. ಡೋಲಕ್ ಬಾರಿಸೋ ಕೈ ಅಲುಗದೆ ಇತ್ತು. ಈಗ ಮತ್ತೆ ಬಾರಿಸ್ತಾನೆ, ಮೊದಲಿನ ಜೋರಿಲ್ಲ.

ಹೊರಗೆ ಬಂದಮೇಲೆ ಫಾದರನ್ನು ಕೇಳಿದೆ, ಈ ಎಣ್ಣೆ ಎಲ್ಲಿಂದ ತರ್ತೀರಿ ಅಂತ. ಈಸ್ಟರಿಗೆ ಮುಂಚಿನ ವಾರ ಬಿಷಪ್ಪರು ಮೂರು ಬಗೆಯ ಎಣ್ಣೆ ಮಂತ್ರಿಸಿ ಎಲ್ಲ ಗುಡಿಗಳಿಗೂ ಕೊಡ್ತಾರೆ, ಅದರಲ್ಲಿ ಇದೊಂದು ಅಂದರು. ಅದು ಕೈಯಲ್ಲಿಲ್ಲದೆ ಅರ್ಧರಾತ್ರಿ ತುರ್ತು ಬಂದರೆ? ಆಗ ಯಾವ ಪಾದ್ರಿಯೇ ಆಗಲಿ, ಅಭ್ಯಂಗ ಕೊಡುವ ಹೊತ್ತಲ್ಲೇ ಮನೆಯಲ್ಲಿರೋ ಗಿಡದ ಎಣ್ಣೆಯನ್ನು ಮಂತ್ರಿಸಿ ಹಚ್ಚಬಹುದು ಅಂದರು.

ದೊಡ್ಡಪ್ಪ ಮಲಗಿದ್ದ ವಾರ ನಮ್ಮ ಹೊಲದ ಹುಚ್ಚೆಳ್ಳನ್ನು ಗಾಣಕ್ಕೆ ಹಾಕಿಸಿದ್ದೆ. ಒಂದು ಚೊಂಬು ಎಣ್ಣೆ ಅವರ ಅಡುಗೆಮನೆಗೂ ಕೊಟ್ಟಿದ್ದೆ. ಅದು ಅಲ್ಲೇ ಒಲೆ ಪಕ್ಕ ಇತ್ತು.