ಡಿಸ್ಕಸ್ ತೊಟ್ಟಿಯ ನೆರೆಹೊರೆ

ಡಿಸ್ಕಸ್ ಮೀನು ಸಾಕಲು ಹೊರಟವರಿಗೆ ಹಳಬರು ಹೇಳುವುದು ಹೆಚ್ಚೂಕಡಿಮೆ ಒಂದೇ ಮಾತು: ತೊಟ್ಟಿ ದೊಡ್ಡದಿರಲಿ, ನೀರು ಬೆಚ್ಚಗಿರಲಿ, ಐದಾರು ಮರಿಗಳನ್ನು ಒಟ್ಟಿಗೇ ತನ್ನಿ, ಜೊತೆಗೆ ಸಿಕ್ಕಸಿಕ್ಕ ಮೀನು ಬಿಡಬೇಡಿ. ಕೇಳಲು ಇಷ್ಟು ಸುಲಭವಾದ ಬುದ್ಧಿವಾದ ರೂಪುಗೊಳ್ಳಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಸತ್ತ ಮೀನುಗಳ ಲೆಕ್ಕ ಇಟ್ಟವರಿಲ್ಲ.

ಆಸ್ಟ್ರಿಯಾದ ಯೊಹಾನ್ ನಾಟರರ್ 1817ರಲ್ಲಿ ಬ್ರೆಜಿಲ್‌ಗೆ ಹೋದವನು ಹದಿನೆಂಟು ವರ್ಷ ಅಲ್ಲೇ ಅಲೆದು, ಹಕ್ಕಿ, ಪ್ರಾಣಿ, ಮೀನುಗಳನ್ನು ರಾಶಿರಾಶಿಯಾಗಿ ವಿಯೆನ್ನಾಕ್ಕೆ ಕಳಿಸಿದ. ಅದರಲ್ಲಿ ರಿಯೊ ನೀಗ್ರೊ ನದಿಯಿಂದ ಬಂದ, ತಟ್ಟೆಯಂತೆ ದುಂಡಗೆ ಚಪ್ಪಟೆಯಾದ ಮೀನೊಂದಿತ್ತು. ಅದಕ್ಕೆ 1840ರಲ್ಲಿ ಸಿಂಫಿಸೋಡಾನ್ ಡಿಸ್ಕಸ್ ಎಂದು ಹೆಸರಿಟ್ಟವನು ವಿಯೆನ್ನಾದ ಯೊಹಾನ್ ಯಾಕೊಬ್ ಹೆಕೆಲ್. ಮೈಮೇಲಿನ ಒಂಬತ್ತು ಅಡ್ಡಪಟ್ಟೆಗಳಲ್ಲಿ ಒಂದನೆಯದು, ಐದನೆಯದು, ಒಂಬತ್ತನೆಯದು ದಟ್ಟವಾಗಿರುವ ಈ ಮೀನನ್ನು ಹವ್ಯಾಸಿಗಳು ಇಂದಿಗೂ ಹೆಕೆಲ್ ಡಿಸ್ಕಸ್ ಎಂದೇ ಕರೆಯುತ್ತಾರೆ. ಪಟ್ಟೆಗಳೆಲ್ಲ ಒಂದೇ ಸಮನಾಗಿರುವ ಇನ್ನೊಂದು ಬಗೆಯನ್ನು ಫ್ರಾನ್ಸಿನ ಜಾಕ್ ಪೆಲ್ಲೆಗ್ರಿನ್ 1904ರಲ್ಲಿ ಬಣ್ಣಿಸಿದ. ಅಂಗಡಿಯಲ್ಲಿ ಇಂದು ಸಿಗುವ ಡಿಸ್ಕಸ್‌ಗಳು ಬಹುಪಾಲು ಈ ಸಮಪಟ್ಟೆಯ ಬಳಗದವು, ಅದೂ ಬೆರಕೆಯಾದವು.

ಅಮೆಜಾನಿನಲ್ಲಿ ಈ ಮೀನು ರಭಸದ ಹರಿವಿಗೆ ಬರುವುದಿಲ್ಲ. ಕೆರೆಯಂಥ ನಿಧಾನ ನೀರಿನಲ್ಲಿ, ಬಿದ್ದ ಮರಗಳ ಕೊಂಬೆಗಳ ನಡುವೆ ಗುಂಪುಗುಂಪಾಗಿ ಇರುತ್ತದೆ. ಚಪ್ಪಟೆ ಮೈ ಇರುವುದು ಆ ಕೊಂಬೆಗಳ ಸಂದಿಯಲ್ಲಿ ನುಸುಳಲಿಕ್ಕೆ. ಹಿಡಿಯುವವರು ರಾತ್ರಿ ದೋಣಿಯಲ್ಲಿ ಹೋಗಿ, ದೀಪದ ಬೆಳಕು ಬಿಟ್ಟು, ಕೈಬಲೆಯಲ್ಲಿ ಒಂದೊಂದಾಗಿ ಎತ್ತುತ್ತಾರೆ. ನೀರು ಬೆಚ್ಚಗೆ, ಲವಣ ಅತಿ ಕಡಿಮೆ. ರಿಯೊ ನೀಗ್ರೊದಲ್ಲಿ ಪಿಎಚ್ 5ರ ಆಸುಪಾಸು. ಎರಡನೇ ಮಹಾಯುದ್ಧಕ್ಕೂ ಮುಂಚೆಯೇ ಇದು ಯೂರೋಪ್, ಅಮೆರಿಕಾಗಳ ಗಾಜಿನ ತೊಟ್ಟಿಗೆ ಬಂದಿತ್ತು. ಆದರೆ ಅಲ್ಲಿಯ ನಲ್ಲಿ ನೀರು ಬೇರೆ, ಚಳಿ ಬೇರೆ. ಬಹಳ ಮೀನು ಮೂಲೆ ಹಿಡಿದು, ಕಪ್ಪಾಗಿ, ತಿನ್ನದೆ ಸತ್ತವು. ಡಿಸ್ಕಸ್ ಎಂದರೆ ಹಣವಂತರ ಜೂಜು ಎಂಬ ಹೆಸರು ಅಂದು ಬಂದದ್ದು. ಇಂದಿಗೂ ಅಷ್ಟಿಷ್ಟು ಉಳಿದಿದೆ.

ಅದಕ್ಕಿಂತ ದೊಡ್ಡ ಒಗಟು ಮರಿಗಳದ್ದು. ಏಂಜೆಲ್ ಮೀನಿನ ಮೊಟ್ಟೆಯನ್ನು ತಂದೆತಾಯಿ ತಿಂದುಬಿಡುತ್ತವೆಂದು ಬೇರೆ ತೊಟ್ಟಿಗೆ ಹಾಕುವುದು ಸಾಕುವವರ ರೂಢಿ. ಡಿಸ್ಕಸ್‌ಗೂ ಅದನ್ನೇ ಮಾಡಿದರು. ಮೊಟ್ಟೆ ಒಡೆಯುತ್ತಿತ್ತು, ಮರಿ ಈಜುತ್ತಿತ್ತು, ಏನು ಹಾಕಿದರೂ ಮುಟ್ಟದೆ ಸಾಯುತ್ತಿತ್ತು. ತಂದೆತಾಯಿಯ ಜೊತೆ ಬಿಟ್ಟು ನೋಡಿದವರಿಗೆ ಬೇರೆಯೇ ನೋಟ ಕಂಡಿತು: ಮರಿಗಳೆಲ್ಲ ದೊಡ್ಡ ಮೀನಿನ ಪಕ್ಕೆಗೆ ಮುತ್ತಿಕೊಂಡು ಮೈಮೇಲಿನ ಲೋಳೆಯನ್ನು ಕಚ್ಚಿ ತಿನ್ನುತ್ತಿವೆ, ಸ್ವಲ್ಪ ಹೊತ್ತಾದ ಮೇಲೆ ಆ ಮೀನು ಮೈ ಕೊಡವಿ ಪಕ್ಕಕ್ಕೆ ಸರಿದರೆ, ಇಡೀ ಹಿಂಡು ಇನ್ನೊಂದರ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ತಂದೆಯೂ ಉಣಿಸುತ್ತದೆ ಎಂಬುದು ಇಲ್ಲಿ ವಿಶೇಷ. ಡಬ್ಲ್ಯು. ಎಚ್. ಹಿಲ್ಡೆಮನ್ 1959ರಲ್ಲಿ ಇದರ ಬಗ್ಗೆ ವೈಜ್ಞಾನಿಕ ಲೇಖನ ಬರೆದರು. 2010ರಲ್ಲಿ ಬ್ರಿಟನ್ನಿನ ಪ್ಲಿಮತ್‌ನ ಸಂಶೋಧಕರು ಆ ಲೋಳೆಯನ್ನೇ ಪರೀಕ್ಷಿಸಿ, ಮರಿ ಸಾಕುವ ಕಾಲದಲ್ಲಿ ಅದರ ಪ್ರೋಟೀನ್ ಹೆಚ್ಚುತ್ತದೆ, ರೋಗನಿರೋಧಕ ಅಂಶವೂ ಇರುತ್ತದೆ ಎಂದು ತೋರಿಸಿದರು. ಮೂರನೇ ವಾರದ ಹೊತ್ತಿಗೆ ತಂದೆತಾಯಿ ಮರಿಗಳಿಂದ ತಪ್ಪಿಸಿಕೊಂಡು ಓಡಾಡಲು ಶುರುಮಾಡುತ್ತವೆ. ಹಾಲು ಬಿಡಿಸುವುದು ಇನ್ನೇನು?

ಈ ಗುಟ್ಟು ಬಯಲಾದ ಮೇಲೆ ಸಾಕಣೆಗೆ ಕಳೆ ಬಂತು. ಜರ್ಮನಿಯ ಬಾಡ್ ಹೋಂಬುರ್ಗ್‌ನ ವೈದ್ಯ ಎಡುವಾರ್ಡ್ ಶ್ಮಿಟ್-ಫೋಕೆ ಕಾಡಿನ ಮೀನುಗಳಿಂದ ಪೀಳಿಗೆ ಪೀಳಿಗೆಯಾಗಿ ಬಣ್ಣ ಆರಿಸುತ್ತ ಹೋದರು. ಫ್ಲೋರಿಡಾದ ಜ್ಯಾಕ್ ವಾಟ್ಲಿ ಮೈತುಂಬ ಹಸಿರು-ನೀಲಿ ಹೊಳೆಯುವ ಟರ್ಕಾಯ್ಸ್ ತಳಿಗೆ ಹೆಸರಾದರು. ತಂದೆತಾಯಿಯ ನೆರವಿಲ್ಲದೆ, ಪಾತ್ರೆಯ ಬದಿಗೆ ಮೊಟ್ಟೆಯ ಹಿಟ್ಟು ಮೆತ್ತಿ ಮರಿ ಸಾಕುವ ಕಷ್ಟದ ಕೆಲಸವನ್ನೂ ಸಾಧಿಸಿದರು. ಆಮೇಲೆ ಬ್ಯಾಂಕಾಕ್, ಪೆನಾಂಗ್, ಹಾಂಕಾಂಗ್‌ಗಳ ಸರದಿ. ಥಾಯ್ಲೆಂಡಿನ ಕಿಟ್ಟಿ ಫನೈಟ್ಟಿ 1990ರ ದಶಕದ ಆರಂಭದಲ್ಲಿ ಹೊರತಂದ ಪಿಜನ್ ಬ್ಲಡ್ ತಳಿ ಮಾರುಕಟ್ಟೆಯ ಮುಖವನ್ನೇ ಬದಲಿಸಿತು.

ಪಿಜನ್ ಬ್ಲಡ್‌ನ ಕೆಂಪು-ಹಳದಿ ಚೆಲುವಿಗೆ ಒಂದು ಬೆಲೆ ಇದೆ. ಸಾಮಾನ್ಯ ಡಿಸ್ಕಸ್ ಹೆದರಿದರೆ, ಕಾಯಿಲೆ ಬಿದ್ದರೆ ಅಡ್ಡಪಟ್ಟೆಗಳು ಎದ್ದು ಕಾಣುತ್ತವೆ. ಯಜಮಾನನಿಗೆ ಅದೇ ಸೂಚನೆ. ಪಿಜನ್ ಬ್ಲಡ್‌ಗೆ ಆ ಪಟ್ಟೆಗಳೇ ಇಲ್ಲ. ಮೊದಲ ಸಲ ಸಾಕುವವರು ಪಟ್ಟೆ ಇರುವ ತಳಿಯನ್ನು ಆರಿಸುವುದು ಜಾಣತನ.

1980ರ ದಶಕದಲ್ಲಿ ಹಬ್ಬಿದ ಡಿಸ್ಕಸ್ ಪ್ಲೇಗ್ ಇನ್ನೊಂದು ಪಾಠ ಕಲಿಸಿತು. ಮೀನು ಕಪ್ಪಾಗಿ, ಲೋಳೆ ಸುರಿಸುತ್ತ ಒಂದು ಮೂಲೆಯಲ್ಲಿ ಒತ್ತಾಗಿ ನಿಲ್ಲುತ್ತಿತ್ತು. ಹೊಸ ಮೀನು ಬಂದ ಕೆಲವೇ ದಿನಗಳಲ್ಲಿ ಇಡೀ ತೊಟ್ಟಿಗೆ ಅಂಟುತ್ತಿತ್ತು. ಹೊಸದನ್ನು ವಾರಗಟ್ಟಲೆ ಬೇರೆ ಇಟ್ಟು ನೋಡುವ ಶಿಸ್ತು ಬಿಗಿಯಾದದ್ದು ಇಂಥ ಪೆಟ್ಟುಗಳಿಂದ. ಏಂಜೆಲ್ ಮೀನನ್ನು ದೂರವಿಡಲಿಕ್ಕೂ ಇದೇ ಅಂಜಿಕೆ ಒಂದು ಕಾರಣ: ತನಗೆ ಏನೂ ಆಗದಂತೆ ಇದ್ದು ಪರೋಪಜೀವಿಗಳನ್ನು ದಾಟಿಸಬಲ್ಲದು. ಜೊತೆಗೆ ಊಟದ ಹೊತ್ತಿಗೆ ಅದು ಮುನ್ನುಗ್ಗುವ ಜಾತಿ, ಡಿಸ್ಕಸ್ ನಿಧಾನಸ್ಥ.

ಜೊತೆಗಾರರ ಆಯ್ಕೆಯಲ್ಲಿ ನಿಜವಾಗಿ ತೀರ್ಪು ಕೊಡುವುದು ಥರ್ಮಾಮೀಟರ್. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು. 1936ರಲ್ಲಿ ಹೆಸರು ಪಡೆದ ನಿಯಾನ್ ಟೆಟ್ರಾ ನೋಡಲು ಒಪ್ಪುತ್ತದೆ, ಆದರೆ ಅದು ತಂಪು ನೀರಿನ ಜೀವ. ಆ ಬಿಸಿಯಲ್ಲಿ ಹೆಚ್ಚು ಬಾಳುವುದಿಲ್ಲ. ಅದರ ದಾಯಾದಿ ಕಾರ್ಡಿನಲ್ ಟೆಟ್ರಾ ರಿಯೊ ನೀಗ್ರೊದ್ದೇ, ಬಿಸಿ ತಡೆಯುತ್ತದೆ. ಈ ಪುಟಾಣಿಯ ಹೆಸರಿಗಾಗಿ ಜಗಳವೇ ನಡೆದಿತ್ತು. 1956ರ ಫೆಬ್ರುವರಿ 20ರಂದು ಅಮೆರಿಕಾದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಲೆನರ್ಡ್ ಶುಲ್ಟ್ಸ್, ಪತ್ರಿಕೆಯ ಹರ್ಬರ್ಟ್ ಆಕ್ಸೆಲ್‌ರಾಡ್ ಗೌರವಾರ್ಥ ಹೆಸರಿಟ್ಟರು. ಮಾರನೇ ದಿನ ಸ್ಟ್ಯಾನ್‌ಫರ್ಡಿನ ಮೈಯರ್ಸ್ ಮತ್ತು ವೈಟ್ಸ್‌ಮನ್ ಇಟ್ಟ ಇನ್ನೊಂದು ಹೆಸರು ಪ್ರಕಟವಾಯಿತು. ಒಂದು ದಿನದ ಅಂತರದಲ್ಲಿ ಗೆದ್ದದ್ದು ಆಕ್ಸೆಲ್‌ರಾಡ್ ಹೆಸರು. ನಾಲ್ಕು ವರ್ಷದ ನಂತರ ಅದೇ ಶುಲ್ಟ್ಸ್ ಕಂದು ಡಿಸ್ಕಸ್‌ಗೂ ಅದೇ ಹೆಸರು ಅಂಟಿಸಿದರು. ಹೀಗೆ ಒಂದೇ ತೊಟ್ಟಿಯಲ್ಲಿ ಇಬ್ಬರು ಆಕ್ಸೆಲ್‌ರಾಡ್‌ಗಳು!

ಕೆಂಪು ಮೂತಿಯ ರಮ್ಮಿನೋಸ್ ಟೆಟ್ರಾ ಕೂಡ ಹೊಂದುತ್ತದೆ. ಅದರ ಒಂದು ಜಾತಿಗೆ 1986ರಲ್ಲಿ, ಡಿಸ್ಕಸ್ ಹುಡುಕಾಟಕ್ಕೇ ಹೆಸರಾದ ಹೈಕೊ ಬ್ಲೆಹರ್ ಅವರ ಹೆಸರನ್ನೇ ಇಡಲಾಯಿತು. ತಳದಲ್ಲಿ ಉಳಿದ ಆಹಾರ ಹೆಕ್ಕಲು 1962ರಲ್ಲಿ ಬೆಳಕಿಗೆ ಬಂದ ಕೊರಿಡೊರಾಸ್ ಸ್ಟರ್ಬೈ ಒಳ್ಳೆಯದು, ಏಕೆಂದರೆ ಅದರ ಬಳಗದ ಹಲವಕ್ಕೆ ಆಗದ ಬಿಸಿ ಇದಕ್ಕೆ ಆಗುತ್ತದೆ. ದೊಡ್ಡ ಪ್ಲೆಕೊ ಮೀನು ಬೇಡ. ರಾತ್ರಿ ಹೊತ್ತು ಡಿಸ್ಕಸ್ ಮೈಗೆ ಬಾಯಿ ಹಚ್ಚಿ ಲೋಳೆ ಕೆರೆಯುವ ಅಭ್ಯಾಸ ಅದಕ್ಕಿದೆ. ರೆಕ್ಕೆ ಕಚ್ಚುವ ಬಾರ್ಬ್ ಮೀನುಗಳ ಮಾತೇ ಬೇಡ.

ಬೆಂಗಳೂರಿನ ಹವ್ಯಾಸಿಗೆ ಮೊದಲ ಪ್ರಶ್ನೆ ನೀರಿನದು. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕಾವೇರಿ ನೀರು ಅದಕ್ಕಿಂತ ಮೆದು ಆದರೆ ಕ್ಲೋರಿನ್ ತೆಗೆಯಬೇಕು. ತೊಟ್ಟಿಯಲ್ಲಿ ಹುಟ್ಟಿಬೆಳೆದ ಮೀನು ಸ್ವಲ್ಪ ಗಡಸನ್ನು ಸಹಿಸುತ್ತದೆ. ಮರಿ ಮಾಡಿಸುವುದಾದರೆ ಮಾತ್ರ ಆರ್‌ಓ ನೀರಿನ ಗೊಡವೆ. ತೊಟ್ಟಿ 250 ಲೀಟರಿಗೆ ಕಡಿಮೆ ಬೇಡ. ನಾಲ್ಕರಿಂದ ಆರು ವಾರ ಫಿಲ್ಟರ್ ಓಡಿಸಿ, ಅಮೋನಿಯಾ ಶೂನ್ಯಕ್ಕೆ ಬಂದ ಮೇಲೆ ಮೊದಲು ಆರು ಡಿಸ್ಕಸ್ ಬಿಡಿ. ಒಂದೆರಡೇ ಇದ್ದರೆ ಬಲವಾದದ್ದು ಇನ್ನೊಂದನ್ನು ಅಟ್ಟಾಡಿಸಿ ಸೊರಗಿಸುತ್ತದೆ. ಅವು ಧೈರ್ಯವಾಗಿ ಮುಂದೆ ಬಂದು ತಿನ್ನಲು ಕಲಿತ ಮೇಲೆ, ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಕಾರ್ಡಿನಲ್‌ಗಳನ್ನು ಸೇರಿಸಿ. ಕೊಳ್ಳುವ ಮುನ್ನ ಅಂಗಡಿಯವರ ಹತ್ತಿರ ನೀರಿನ ಬಿಸಿ ಕೇಳಿ, ನಿಮ್ಮೆದುರೇ ಆಹಾರ ಹಾಕಿಸಿ. ತಿನ್ನದ ಮೀನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.