ಬ್ಲೂ-ರೇ ಪ್ಲೇಯರ್: ಯಾರೂ ಹೇಳದ ಅರ್ಧ ಚರಿತ್ರೆ

ಹೈ-ಡೆಫಿನಿಷನ್ ಡಿಸ್ಕಿನ ಚರಿತ್ರೆ ಎಂದರೆ ಎಲ್ಲರೂ ಬರೆಯುವುದು ಒಂದೇ ಕತೆ: ಸೋನಿ ಮತ್ತು ತೋಷಿಬಾ ಕಾದಾಡಿದವು, ಸೋನಿ ಗೆದ್ದಿತು, ಆಮೇಲೆ ಸ್ಟ್ರೀಮಿಂಗ್ ಬಂದು ಗೆದ್ದವರನ್ನೂ ನುಂಗಿತು. ಕೇಳಲು ಸೊಗಸಾಗಿದೆ, ಅಂಗಡಿಯಲ್ಲಿ ನಿಂತು ಪ್ಲೇಯರ್ ಆರಿಸುವವರಿಗೆ ಮಾತ್ರ ಮೂರುಕಾಸಿನ ಪ್ರಯೋಜನವಿಲ್ಲ. ‘ಡಿಜಿಟಲ್ ಅಂದಮೇಲೆ ಎಲ್ಲ ಪ್ಲೇಯರೂ ಒಂದೇ, ಅಗ್ಗದ್ದು ತಗೊಳ್ಳಿ’ ಎಂಬ ಮಾತು ಚಲಾವಣೆಗೆ ಬಂದದ್ದೂ ಈ ಕತೆಯ ಬೆನ್ನಿಗೇ.

ಹಿನ್ನೆಲೆ ಚುಟುಕಾಗಿ. 1978ರ ಲೇಸರ್‌ಡಿಸ್ಕಿನಲ್ಲಿ ಚಿತ್ರ ಅನಲಾಗ್. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಬಂತು; ಅದನ್ನು ಓದುವ ಕೆಂಪು ಲೇಸರ್ 650 ನ್ಯಾನೊಮೀಟರಿನದು. ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಮಾಡಿದ ಕೆಲಸ ನೀಲಿ-ನೇರಳೆ ಲೇಸರಿಗೆ ದಾರಿ ಮಾಡಿತು. 405 ನ್ಯಾನೊಮೀಟರಿನ ಆ ಬೆಳಕಿನಿಂದ, ಅದೇ ಗಾತ್ರದ ಡಿಸ್ಕಿನ ಒಂದು ಪದರದಲ್ಲಿ 4.7 ಜಿಬಿ ಇದ್ದ ಜಾಗ ಬ್ಲೂ-ರೇಯಲ್ಲಿ 25 ಜಿಬಿಗೆ ಏರಿತು. ತೋಷಿಬಾದ ಎಚ್‌ಡಿ ಡಿವಿಡಿ 15ಕ್ಕೆ ನಿಂತಿತು. 2008ರ ಫೆಬ್ರವರಿ 19ರಂದು ಆ ಕಂಪನಿ ಕೈಚೆಲ್ಲಿತು. ಯುದ್ಧದ ವಿಚಾರ ಇಷ್ಟು ಸಾಕು.

ಪ್ಲೇಯರುಗಳನ್ನು ತಿದ್ದಿದ್ದು ಈ ಯುದ್ಧವಲ್ಲ, ಪರೀಕ್ಷಾ ಡಿಸ್ಕು ಹಿಡಿದು ಪರದೆಯ ಮುಂದೆ ಕೂತ ಕೆಲವು ಹಟಮಾರಿಗಳು. ಜೋ ಕೇನ್ ತಯಾರಿಸಿದ ‘ವಿಡಿಯೊ ಎಸೆನ್ಷಿಯಲ್ಸ್’ ಡಿಸ್ಕಿನಲ್ಲಿ ಹಾರಾಡುವ ಬಾವುಟದ ದೃಶ್ಯವೊಂದಿದೆ. ಕಳಪೆ ಡಿವಿಡಿ ಪ್ಲೇಯರಿನಲ್ಲಿ ಅದರ ಪಟ್ಟೆಗಳ ಅಂಚು ಗರಗಸದ ಹಲ್ಲಾಗುತ್ತಿತ್ತು. ಈವ್ ಫರೂಜಾ ಹೆಸರಿನ ಸಂಸ್ಥೆಯ ಚಿಪ್ ಇದ್ದದ್ದರಲ್ಲಿ ಅದೇ ಅಂಚು ನುಣುಪು. 2001ರಲ್ಲಿ ಇಂಥದೇ ಪರೀಕ್ಷಕರಾದ ಡಾನ್ ಮನ್ಸಿಲ್ ಮತ್ತು ಸ್ಟೇಸಿ ಸ್ಪಿಯರ್ಸ್ ಇನ್ನೊಂದು ದೋಷವನ್ನು ಬಿಡಿಸಿ ತೋರಿಸಿದರು: ಕಡು ಕೆಂಪು ಭಾಗಗಳ ಅಂಚಿನಲ್ಲಿ ಬಾಚಣಿಗೆ ಎಳೆದಂಥ ಅಡ್ಡಗೆರೆಗಳು. ತಪ್ಪು ಡಿಸ್ಕಿನದಲ್ಲ, ತಗ್ಗಿಸಿ ತುಂಬಿಟ್ಟ ಬಣ್ಣದ ಮಾಹಿತಿಯನ್ನು ಮತ್ತೆ ಹಿಗ್ಗಿಸುವಾಗ ಡಿಕೋಡರ್ ಚಿಪ್ ಎಡವುತ್ತಿತ್ತು. ದುಬಾರಿ ಪ್ಲೇಯರುಗಳಲ್ಲೂ ಅದೇ ಚಿಪ್, ಅದೇ ಗೆರೆ.

ಈ ಪಾಠ ಮರೆತದ್ದರ ಫಲ 2006ರ ಜೂನಿನಲ್ಲಿ ಕಂಡಿತು. ಸ್ಯಾಮ್‌ಸಂಗ್ ಬಿಡಿ-ಪಿ1000, ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಬ್ಲೂ-ರೇ ಪ್ಲೇಯರ್, ಬೆಲೆ ಸುಮಾರು 1,000 ಡಾಲರ್. ಚಿತ್ರ ಮಸುಕು. ಬ್ಲೂ-ರೇಯೇ ಕಳಪೆ ಎಂದು ತೀರ್ಪು ಕೊಟ್ಟವರು ಕಡಿಮೆಯಿರಲಿಲ್ಲ. ಆಮೇಲೆ ಗೊತ್ತಾಯಿತು, ಒಳಗಿನ ಚಿಪ್ಪಿನಲ್ಲಿ ನಾಯ್ಸ್ ತಗ್ಗಿಸುವ ಫಿಲ್ಟರ್ ತಪ್ಪಾಗಿ ಚಾಲೂ ಆಗಿತ್ತು.

ಪರೀಕ್ಷಕರ ಪಂಥಕ್ಕೆ ಸುಗ್ಗಿ ಬಂದದ್ದು 2009ರಲ್ಲಿ, ಒಪ್ಪೋ ಡಿಜಿಟಲ್‌ನ ಬಿಡಿಪಿ-83 ಜತೆ. 499 ಡಾಲರಿಗೆ ಬ್ಲೂ-ರೇ, ಡಿವಿಡಿ-ಆಡಿಯೊ, ಎಸ್‌ಎಸಿಡಿ ಮೂರೂ ಓದುತ್ತಿತ್ತು. ಹಳೆಯ ರಿಸೀವರ್ ಇದ್ದವರಿಗಾಗಿ 7.1 ಅನಲಾಗ್ ಔಟ್‌ಪುಟ್ ಕೊಟ್ಟಿತ್ತು. ಹಳೆಯ ಡಿವಿಡಿಯನ್ನೂ ದೊಡ್ಡ ಪರದೆಗೆ ಒಪ್ಪವಾಗಿ ಹಿಗ್ಗಿಸುತ್ತಿತ್ತು. ಮರುವರ್ಷ ಲೆಕ್ಸಿಕನ್ ಬಿಡಿ-30 ಬಂತು, ಬೆಲೆ ಸುಮಾರು 3,500 ಡಾಲರ್. ‘ಆಡಿಯೊಹಾಲಿಕ್ಸ್’ ಜಾಲತಾಣದವರು ಮುಚ್ಚಳ ಬಿಚ್ಚಿದರೆ ಒಳಗೆ ಒಪ್ಪೋದ ಪ್ಲೇಯರೇ, ಅದರ ಚಾಸಿ ಸಮೇತ ಕೂತಿತ್ತು. ಬೆಲೆ ನೋಡಿ ಗುಣ ಅಳೆಯುವವರು ಇದನ್ನು ನೆನಪಿಟ್ಟರೆ ಸಾಕು.

2016ರಲ್ಲಿ 4ಕೆ ಡಿಸ್ಕು ಬಂದಾಗ ‘ಎಲ್ಲ ಒಂದೇ’ ಎಂಬ ವಾದ ಪೂರ್ತಿ ಕುಸಿಯಬೇಕಿತ್ತು. ಅದರಲ್ಲಿನ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ಚಿತ್ರಗಳನ್ನು 1,000 ಅಥವಾ 4,000 ನಿಟ್ಸ್ ಬೆಳಕಿಗೆ ಹದಗೊಳಿಸಿರುತ್ತಾರೆ. ಮನೆಯ ಪ್ರೊಜೆಕ್ಟರಿಗೆ ನೂರರ ಆಸುಪಾಸು ಮುಟ್ಟುವುದೇ ಕಷ್ಟ. ಉಳಿದ ಬೆಳಕನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಯಾರಾದರೂ ತೀರ್ಮಾನಿಸಬೇಕು. 2018ರ ಪ್ಯಾನಸೋನಿಕ್ ಯುಬಿ820 ಅದನ್ನು ಪ್ಲೇಯರಿನೊಳಗೇ ಮಾಡುತ್ತದೆ. ಸೋನಿ ಎಕ್ಸ್‌800ಎಂ2ನಲ್ಲಿ ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆ ಬೇಕೆಂದರೆ ಮೆನುಗೆ ಹೋಗಿ ಕೈಯಾರೆ ಚಾಲೂ ಮಾಡಬೇಕು, ಬೇರೆ ಡಿಸ್ಕಿಗೆ ಮತ್ತೆ ಆಫ್ ಮಾಡಬೇಕು. ಹಣ ಕೊಟ್ಟು ಕೊಂಡ ವಸ್ತುವಿಗೆ ಇದು ಶೋಭೆಯಲ್ಲ.

ಅಷ್ಟರಲ್ಲಿ ತಯಾರಕರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. 2018ರಲ್ಲಿ ಒಪ್ಪೋ ಡಿಜಿಟಲ್, 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ. ಅವರ ಜಾಗಕ್ಕೆ ಬಂದ 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಲ್ಲಿ ಹರಿಯುತ್ತದೆ. ಡಿಸ್ಕಿಗೆ 128ರವರೆಗೆ ಅವಕಾಶವಿದೆ, ಧ್ವನಿಯಲ್ಲೂ ಕಡಿತವಿಲ್ಲ. ಪೆಟ್ಟಿಗೆಯ ಮೇಲಿನ ‘4ಕೆ’ ಮಾತ್ರ ಎರಡಕ್ಕೂ ಒಂದೇ.

ಸಮೀಕ್ಷೆಗಳು ಮುಟ್ಟದ ಸಂಗತಿ ರಿಪೇರಿ. ಡಿಸ್ಕು ಓದುವ ಲೇಸರ್ ಪಿಕಪ್ ಸವೆಯುವ ಭಾಗ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಪತ್ರಿಕೆಗಳ ಅಂಕಪಟ್ಟಿಯಲ್ಲಿ ಕಾಲಮ್ಮು ಕಾಣುವುದು ಅಪರೂಪ. ಕರ್ನಾಟಕದ ಗ್ರಾಹಕರಿಗೆ ಇನ್ನೊಂದು ತೊಡಕು: ಭಾರತ ರೀಜನ್ ಸಿ, ಅಮೆರಿಕ ರೀಜನ್ ಎ. ಅಲ್ಲಿರುವ ಮಗನೋ ಸೊಸೆಯೋ ತಂದುಕೊಟ್ಟ ಬ್ಲೂ-ರೇ ಡಿಸ್ಕು ರೀಜನ್ ಬೀಗ ಹಾಕಿದ್ದಾದರೆ ಇಲ್ಲಿನ ಪ್ಲೇಯರಿನಲ್ಲಿ ಓಡದು. 4ಕೆ ಡಿಸ್ಕಿಗೆ ಈ ಬೀಗವಿಲ್ಲ.

ಹಾಗಾಗಿ ಪ್ರೊಜೆಕ್ಟರ್ ಇರುವವರು ಯುಬಿ820ಕ್ಕೆ ಹಣ ಹೊಂದಿಸುವುದೇ ಸರಿ. ಟಿವಿಯೊಂದೇ ಇದ್ದು ಡಾಲ್ಬಿ ವಿಷನ್ ಬೇಡವಾದರೆ, ಮಕ್ಕಳು ಗೇಮ್ ಆಡುವ ಡಿಸ್ಕ್ ಡ್ರೈವ್ ಇರುವ ಪಿಎಸ್5 ಸಾಕು. ಯಾವುದನ್ನೇ ಕೊಳ್ಳಿ, ಪಿಕಪ್ ಕೆಟ್ಟರೆ ಬದಲಿಸಿಕೊಡುತ್ತೀರಾ ಎಂದು ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಕೇಳಿ.