ಹೊರಗೆ ದೇವರು, ಒಳಗೆ ಬೇತಾಳ

ಮೂಡಲಗಿಯಲ್ಲಿ ಹಾರರ್ ಕಾಮಿಕ್ಸ್ ಬಗ್ಗೆ ಮಾತಾಡುವವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ನಾಲ್ಕು ಎನ್ನುತ್ತೇನೆ. ನನ್ನನ್ನು ಬಿಟ್ಟರೆ ಮೂರು. ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ತರು, ಒಬ್ಬ ಮೊಬೈಲ್ ರಿಪೇರಿ ಮಾಡುವವನು, ಇನ್ನೊಬ್ಬ ಕಬ್ಬಿನ ಕಟಾವು ಮುಗಿದ ಮೇಲಷ್ಟೇ ಕೈಗೆ ಸಿಗುವ ರೈತ. ಕೂಡುವುದು ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ. ಕಥೆಯ ಬಗ್ಗೆ ಆಡುವ ಮಾತು ಕಡಿಮೆ, ಕವರ್ ಬಗ್ಗೆಯೇ ಹೆಚ್ಚು.

ಈಚೆಗೆ ನಮ್ಮ ಜಗಳ ಎದ್ದದ್ದು ಅಮೆರಿಕದ ಒಂದು ಪುಸ್ತಕದ ಮೇಲೆ. ಓನಿ ಪ್ರೆಸ್ ಎಂಬ ಪ್ರಕಾಶನ 2024ರ ಜುಲೈನಲ್ಲಿ 'ಎಪಿಟಾಫ್ಸ್ ಫ್ರಮ್ ದಿ ಅಬಿಸ್' ಎಂಬ ಹಾರರ್ ಮಾಲಿಕೆ ಶುರು ಮಾಡಿತು. ಒಂದೊಂದು ಸಂಚಿಕೆಯಲ್ಲೂ ಬೇರೆಬೇರೆ ಸಣ್ಣ ಕಥೆಗಳು. ಮೊದಲ ಸಂಚಿಕೆಯ ಮುಖಪುಟ ಲೀ ಬರ್ಮೆಹೋ ಎಂಬ ಕಲಾವಿದನದು. ಹಳೆಯ ಅಭಿಮಾನಿಗಳು ಇದಕ್ಕಾಗಿ ಕಾದು ಕೂತದ್ದಕ್ಕೆ ಕಾರಣ ಮುಖಪುಟದ ಮೇಲಿನ ಎರಡು ಅಕ್ಷರ: ಇಸಿ. ಎಪ್ಪತ್ತು ವರ್ಷದ ಹಿಂದೆ ಮುಚ್ಚಿಹೋದ ಹಾರರ್ ಕಾಮಿಕ್ಸಿನ ಹೆಸರು ಅದು. ಮೊಬೈಲಿನಲ್ಲಿ ಕವರ್ ಹಿಗ್ಗಿಸಿ ನೋಡಿ ರಿಪೇರಿ ಗೆಳೆಯ, "ಕವರ್ ಅಂದ್ರ ಹಿಂಗಿರಬೇಕು, ರಾತ್ರಿ ಮಲಗೂ ಮುಂದ ಪುಸ್ತಕ ಬೋರಲ ಹಾಕಿ ಇಡಬೇಕು" ಎಂದ. ಮಾಸ್ತರು ಒಪ್ಪಲಿಲ್ಲ. "ಬೇತಾಳನ ಕಥಿ ಓದಿ ನಾನೂ ಪುಸ್ತಕ ಬೋರಲ ಹಾಕೇನಿ. ಆದ್ರ ಅದರ ಕವರ್ ಮ್ಯಾಲೆ ಇದ್ದದ್ದು ದೇವರು" ಎಂದರು.

ಮಾಸ್ತರರ ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾರರ್ ಕಾಮಿಕ್ಸಿನ ಇತಿಹಾಸ ಅರ್ಧಕ್ಕರ್ಧ ಮುಖಪುಟದ ಇತಿಹಾಸವೇ. ಇಸಿ ಸತ್ತದ್ದು ಮುಖಪುಟದಿಂದ. ನಮ್ಮ ಬೇತಾಳ ಬದುಕಿದ್ದೂ ಮುಖಪುಟದಿಂದ.

ಇಸಿಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಮ್ಯಾಕ್ಸ್ ಗೇನ್ಸ್ ಎಂಬಾತ ಬೈಬಲ್ ಕಥೆ, ವಿಜ್ಞಾನದ ಕಥೆಗಳನ್ನು ಚಿತ್ರದಲ್ಲಿ ಹೇಳಲು ಕಟ್ಟಿದ ಕಂಪನಿ 'ಎಜುಕೇಷನಲ್ ಕಾಮಿಕ್ಸ್'. 1947ರಲ್ಲಿ ಆತ ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಕಂಪನಿ ಮಗ ವಿಲಿಯಂ ಗೇನ್ಸ್ ಕೈಗೆ ಬಂತು. ಮಗ ಹೆಸರಿನ ಮೊದಲಕ್ಷರ ಉಳಿಸಿಕೊಂಡು ಅರ್ಥ ಬದಲಿಸಿದ. 'ಎಜುಕೇಷನಲ್' ಹೋಗಿ 'ಎಂಟರ್‌ಟೇನಿಂಗ್' ಆಯಿತು. 1950ರಲ್ಲಿ ಮೂರು ಹಾರರ್ ಪತ್ರಿಕೆಗಳು ಶುರುವಾದವು: 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್', 'ದಿ ವಾಲ್ಟ್ ಆಫ್ ಹಾರರ್', 'ದಿ ಹಾಂಟ್ ಆಫ್ ಫಿಯರ್'. ಬೆಲೆ 10 ಸೆಂಟ್. ಪ್ರತಿ ಕಥೆಗೂ ಒಬ್ಬ ನಿರೂಪಕ: ಗೋರಿ ಕಾಯುವವನು, ನೆಲಮಾಳಿಗೆ ಕಾಯುವವನು, ಮುದಿ ಮಾಟಗಾತಿ. ಅವರು ಓದುಗನನ್ನು ಕೂರಿಸಿಕೊಂಡು, ಚೇಷ್ಟೆ ಮಾಡುತ್ತ ಕಥೆ ಹೇಳುವರು. ಕೊಂದವನನ್ನು ಕೊಲೆಯಾದವನೇ ಎದ್ದು ಬಂದು ಕೊಲ್ಲುವುದು ಅಲ್ಲಿನ ಸಾಮಾನ್ಯ ಹಂದರ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆಯನ್ನು ರಕ್ತದಲ್ಲಿ ಅದ್ದಿ ತೆಗೆದಂತೆ.

1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಮಕ್ಕಳು ಕೆಡುತ್ತಿರುವುದು ಕಾಮಿಕ್ಸಿನಿಂದ ಎಂದು ಪುಸ್ತಕ ಬರೆದ. ಅದೇ ವರ್ಷ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯ ವಿಚಾರಣೆ. ಸೆನೆಟರ್ ಕೆಫಾವರ್ ಇಸಿಯ 'ಕ್ರೈಮ್ ಸಸ್ಪೆನ್ಸ್ಟೋರೀಸ್' 22ನೇ ಸಂಚಿಕೆಯ ಮುಖಪುಟ ಎತ್ತಿ ತೋರಿಸಿದರು. ಚಿತ್ರಕಾರ ಜಾನಿ ಕ್ರೇಗ್. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಣ್ಣಿನ ಕಡಿದ ತಲೆ. ಇದು ಸದಭಿರುಚಿಯೇ ಎಂಬ ಪ್ರಶ್ನೆಗೆ ಗೇನ್ಸ್, ಹಾರರ್ ಕಾಮಿಕ್ಸಿನ ಮುಖಪುಟಕ್ಕೆ ಹೌದು ಎಂದ. ತಲೆಯನ್ನು ಇನ್ನಷ್ಟು ಮೇಲೆತ್ತಿ ರಕ್ತ ಸೋರುವುದನ್ನು ತೋರಿಸಿದ್ದರೆ ಆಗ ಅದು ದುರಭಿರುಚಿ ಆಗುತ್ತಿತ್ತು ಎಂದೂ ವಿವರಿಸಿದ. ಮರುದಿನ ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ವರದಿಗಾರನಾಗಿ ಹೇಳುತ್ತೇನೆ, ನನಗೂ ಸಾಕಾಗುತ್ತಿತ್ತು. ಅಕ್ಟೋಬರಿನಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಸಂಹಿತೆ ಮಾಡಿಕೊಂಡರು. ಹೆಸರಿನಲ್ಲಿ 'ಹಾರರ್', 'ಟೆರರ್' ಎಂಬ ಶಬ್ದ ಕೂಡದು, ಎದ್ದು ನಡೆಯುವ ಹೆಣ ಕೂಡದು, ರಕ್ತ ಹೀರುವ ಪಿಶಾಚಿ ಕೂಡದು. ಸಂಹಿತೆಯ ಮುದ್ರೆಯಿಲ್ಲದ ಪುಸ್ತಕಕ್ಕೆ ಅಂಗಡಿಯಲ್ಲಿ ಜಾಗವಿಲ್ಲ. 1955ರ ಹೊತ್ತಿಗೆ ಮೂರೂ ನಿಂತವು.

ಆ ಭಯ ಅಲ್ಲಿಗೇ ನಿಲ್ಲಲಿಲ್ಲ. 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸ್ಮಶಾನವೊಂದಕ್ಕೆ ನೂರಾರು ಮಕ್ಕಳು ನುಗ್ಗಿದರು. ಕಬ್ಬಿಣದ ಹಲ್ಲಿನ ರಾಕ್ಷಸನೊಬ್ಬ ಇಬ್ಬರು ಹುಡುಗರನ್ನು ತಿಂದಿದ್ದಾನೆ, ಅವನನ್ನು ಹಿಡಿಯುತ್ತೇವೆ ಎಂದು. ಹಾಗೆ ಯಾವ ಮಗುವೂ ಕಾಣೆಯಾಗಿರಲಿಲ್ಲ. ತಪ್ಪು ಬಂದದ್ದು ಅಮೆರಿಕದ ಕಾಮಿಕ್ಸಿನ ಮೇಲೆ. 1955ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿತು, ಮರುವರ್ಷ ಭಾರತವೂ ಹೆಚ್ಚುಕಡಿಮೆ ಅದೇ ಹೆಸರಿನ ಕಾನೂನು ಮಾಡಿತು: ಯುವಜನರ (ಹಾನಿಕಾರಕ ಪ್ರಕಟಣೆಗಳ) ಕಾಯ್ದೆ, 1956. ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಅಸಹ್ಯ, ಭಯಾನಕ ಸಂಗತಿಗಳನ್ನು ಚಿತ್ರದಲ್ಲೋ ಮಾತಿನಲ್ಲೋ ಹೇಳಿ ಎಳೆಯರನ್ನು ಕೆಡಿಸುವ ಪುಸ್ತಕ ಮಾರಿದರೆ ಆರು ತಿಂಗಳವರೆಗೆ ಸೆರೆವಾಸ. ಎಳೆಯರು ಎಂದರೆ 20 ವರ್ಷದೊಳಗಿನವರು. ಹೆಣ್ಣುಮಕ್ಕಳಿಗೆ ಹದಿನೈದಕ್ಕೇ ಮದುವೆ ಮಾಡಬಹುದು ಎಂದು ಇನ್ನೊಂದು ಕಾನೂನು ಹೇಳುತ್ತಿದ್ದ ಕಾಲ ಅದು. ಅಂದರೆ ಎರಡು ಮಕ್ಕಳ ತಾಯಿಗೂ ದೆವ್ವದ ಚಿತ್ರದಿಂದ ರಕ್ಷಣೆ!

1956 ನಮ್ಮ ಕಡೆಯವರಿಗೆ ಬೇರೆ ಕಾರಣಕ್ಕೆ ನೆನಪಿರುವ ವರ್ಷ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಆಗ ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿಯ ಹುಡುಗನಿಗೆ 10 ಸೆಂಟಿನ ಅಮೆರಿಕನ್ ಪುಸ್ತಕ ಎಲ್ಲಿಂದ ಸಿಗಬೇಕು? ಆದರೆ ಅವನಿಗೆ ಎದ್ದು ಮಾತಾಡುವ ಹೆಣ ಗೊತ್ತಿತ್ತು. ಕನ್ನಡ 'ಚಂದಮಾಮ' ಶುರುವಾಗಿದ್ದು 1949ರ ಜುಲೈನಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿ ಒಂದೊಂದೇ ಭಾಷೆಗೆ ಹಬ್ಬಿಸಿದ್ದರು. ಅದರ ಬೇತಾಳ ಕಥೆಗಳನ್ನು ಓದದ ಮನೆ ಅಪರೂಪ.

ಆ ಚಿತ್ರ ನೆನಪಿಸಿಕೊಳ್ಳಿ. ಕೆ.ಸಿ. ಶಿವಶಂಕರನ್, ಎಲ್ಲರ ಬಾಯಲ್ಲಿ ಶಂಕರ್, ಬರೆದದ್ದು. ಕಾರ್ಗತ್ತಲೆ, ಸ್ಮಶಾನ, ಕೈಯಲ್ಲಿ ಖಡ್ಗ ಹಿಡಿದ ರಾಜ, ಅವನ ಹೆಗಲ ಮೇಲೆ ಹೆಣ. ಶಂಕರ್ 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿ ದಶಕಗಟ್ಟಲೆ ಅಲ್ಲಿಯೇ ಇದ್ದರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. ಅಮೆರಿಕದ ಸಂಹಿತೆಯ ಪ್ರಕಾರ ಆ ಚಿತ್ರಕ್ಕೆ ಮುದ್ರೆ ಸಿಗುತ್ತಿರಲಿಲ್ಲ, ಹೆಣ ಮಾತಾಡುತ್ತದೆ. ಮೇಲಾಗಿ ಬೇತಾಳ ಮಾಡುವ ಕೆಲಸ ಇಸಿಯ ಗೋರಿ ಕಾಯುವವನ ಕೆಲಸವೇ: ಕತ್ತಲಲ್ಲಿ ಜೊತೆಗಿದ್ದು, ಕೀಟಲೆ ಮಾಡುತ್ತ, ಒಂದಾದ ಮೇಲೆ ಒಂದು ಕಥೆ ಹೇಳುವುದು. ಒಂದೇ ವ್ಯತ್ಯಾಸ, ನಮ್ಮವನು ಕೊನೆಗೆ ಪ್ರಶ್ನೆ ಕೇಳುತ್ತಾನೆ. ಗೊತ್ತಿದ್ದೂ ಉತ್ತರ ಹೇಳದಿದ್ದರೆ ತಲೆ ಸಾವಿರ ಹೋಳು. ಮೂಲದಲ್ಲಿ ಇದ್ದದ್ದು 25 ಕಥೆ. ಅವು ಮುಗಿದ ಮೇಲೂ ಚಂದಮಾಮದವರು ಬೇರೆಬೇರೆ ಕಡೆಯ ಕಥೆಗಳನ್ನು ತಂದು ಅದೇ ಹೆಣದ ಬಾಯಲ್ಲಿ ಹೇಳಿಸಿದರು. ತಿಂಗಳಿಗೊಂದರಂತೆ, ನೂರಾರು. ಭಾರತದ ಅತಿ ದೀರ್ಘಕಾಲದ ಹಾರರ್ ಕಥಾಮಾಲಿಕೆ ಅದೇ ಎಂದು ನಮ್ಮ ಚಹಾದಂಗಡಿಯ ತೀರ್ಮಾನ.

ಹಾಗಾದರೆ ಆಕ್ಷೇಪ ಏಕೆ ಏಳಲಿಲ್ಲ? ನೀತಿಕಥೆ ಎಂಬ ಹೆಸರು ಒಂದು ಕಾರಣ. ಆದರೆ ಮೇಲೆ ಹೇಳಿದಂತೆ ಇಸಿಯೂ ತನ್ನ ಒರಟು ರೀತಿಯಲ್ಲಿ ನೀತಿಯನ್ನೇ ಹೇಳುತ್ತಿತ್ತು. ನನಗನ್ನಿಸುವಂತೆ ದೊಡ್ಡ ಕಾರಣ ಮಾಸ್ತರರು ಹೇಳಿದ್ದು. ಚಂದಮಾಮದ ಮುಖಪುಟ ಸಾಮಾನ್ಯವಾಗಿ ಪುರಾಣದ್ದು. ಕನ್ನಡಿಗ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ದೃಶ್ಯಗಳು, ವಡ್ಡಾದಿ ಪಾಪಯ್ಯನವರ ಹೊಳೆಯುವ ಬಣ್ಣದ ದೇವರು, ರಾಜರು. ಬೇತಾಳ ಇದ್ದದ್ದು ಒಳಪುಟದಲ್ಲಿ. ಪುಸ್ತಕ ಕೊಡಿಸುವ ಅಪ್ಪ ನೋಡುವುದು ಹೊರಗಿನದನ್ನು, ಓದುವ ಮಗ ಹುಡುಕುವುದು ಒಳಗಿನದನ್ನು. ಕೆಫಾವರ್ ಎತ್ತಿ ತೋರಿಸಲು ಇಲ್ಲಿ ಏನೂ ಇರಲಿಲ್ಲ. ಇದು ಸಂಪಾದಕರ ಜಾಣತನವೋ ಆ ಕಾಲದ ರೂಢಿಯೋ, ಪರಿಣಾಮ ಒಂದೇ.

ಭಯ ನಮಗೆ ಹೊರಗಿನಿಂದ ಬಂದ ಸರಕಲ್ಲ. ಪಕ್ಕದ ಮುಧೋಳದ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುವಾಗ ಮರುಳುಗಳು ಅವನನ್ನು ಹಂಗಿಸುತ್ತವೆ. 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯನ್ನು ತಾಯಿನರಿ ತನ್ನ ಮರಿಗಳೊಡನೆ ಜೀವಂತ ತಿನ್ನುತ್ತದೆ. ಎರಡೂ ಹತ್ತನೇ ಶತಮಾನದವು. ಕಾಲೇಜಿನ ಪಠ್ಯದಲ್ಲಿ ಓದಿದ್ದೇವೆ, ಯಾರೂ ಇವನ್ನು ಹಾರರ್ ಎನ್ನಲಿಲ್ಲ. ನಮ್ಮಲ್ಲಿ ಕೊರತೆ ಇದ್ದದ್ದು ಭಯವನ್ನು ಮುಖಪುಟಕ್ಕೆ ತರುವ ಧೈರ್ಯಕ್ಕೆ.

ಆ ಧೈರ್ಯವನ್ನು ಗಡಿಭಾಗದವರಾದ ನಾವು ಮರಾಠಿಯಲ್ಲಿ ಕಂಡೆವು. ಮರಾಠಿಯಲ್ಲಿ 1909ರ 'ಮನೋರಂಜನ'ದಿಂದ ದೀಪಾವಳಿ ವಿಶೇಷಾಂಕದ ಪರಂಪರೆ ಇದೆ. ಅದರಲ್ಲಿ ರಹಸ್ಯ, ಭಯದ ಕಥೆಗಳಿಗೇ ಮೀಸಲಾದ 'ಧನಂಜಯ'ದಂಥ ಅಂಕಗಳೂ ಇವೆ. ಹಬ್ಬಕ್ಕೆ ಮೊದಲೇ ಈ ವರ್ಷದ ಮುಖಪುಟ ಯಾರದು ಎಂಬ ಮಾತು ಶುರುವಾಗುತ್ತದೆ. ಗೋವೆಯ ದೀನಾನಾಥ ದಲಾಲ, ರಘುವೀರ ಮುಳಗಾಂವಕರ ಇಬ್ಬರೂ ಮುಖಪುಟದಿಂದಲೇ ಮನೆಮಾತಾದವರು. ಬಾಬೂರಾವ್ ಅರ್ನಾಳಕರರ ರಹಸ್ಯ ಕಾದಂಬರಿಗಳಿಗೆ ಮುಳಗಾಂವಕರ ಬರೆದ ಮುಖಪುಟ ನೋಡಿಯೇ ಕೊಂಡವರಿದ್ದರು. ಭಯಕಥೆಯನ್ನೇ ಜೀವನದ ಕೆಲಸ ಮಾಡಿಕೊಂಡ ನಾರಾಯಣ ಧಾರಪ ಅವರಂಥ ಲೇಖಕರೂ ಅಲ್ಲಿ ಬಂದರು. ಕನ್ನಡದ ದೀಪಾವಳಿ ಸಂಚಿಕೆಗಳು ಒಳ್ಳೆಯ ಸಾಹಿತ್ಯ ಕೊಟ್ಟವು, ದೆವ್ವಕ್ಕೆ ಮಾತ್ರ ಬಾಗಿಲು ತೆರೆಯಲಿಲ್ಲ. ನಮಗೆ ದಪ್ಪ ಭಯ ಸಿಕ್ಕಿದ್ದು ತೆಲುಗಿನಿಂದ, ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದಾಗ. 1985ರಲ್ಲಿ ಅದು ಕನ್ನಡ ಸಿನಿಮಾವೂ ಆಯಿತು.

ನಡುವೆ 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾದವರ ಇಂದ್ರಜಾಲ ಕಾಮಿಕ್ಸ್ ಶುರುವಾಗಿತ್ತು, ಮುಂದೆ ಕನ್ನಡದಲ್ಲೂ ಬಂತು. ಲೀ ಫಾಕ್‌ನ ಫ್ಯಾಂಟಮ್ ಅದರ ನಾಯಕ. ಹಿಂದಿ, ಮರಾಠಿಯವರು ಅವನಿಗೆ ಇಟ್ಟ ಹೆಸರು ಏನು ಗೊತ್ತೇ? ವೇತಾಳ! ತಲೆಬುರುಡೆಯ ಉಂಗುರ, ತಲೆಬುರುಡೆಯ ಗುಹೆ, ಸಾವಿಲ್ಲದವನೆಂಬ ಖ್ಯಾತಿ. ಬಿ. ಗೋವಿಂದ ಬರೆದ ಮುಖಪುಟಗಳ ಬಣ್ಣ ಇಂದಿಗೂ ಸಂಗ್ರಾಹಕರ ಕಣ್ಣಲ್ಲಿದೆ. ಒಳಪುಟದ ಬೇತಾಳ ಮುಖಪುಟಕ್ಕೆ ಬಂದದ್ದು ಹೀಗೆ, ಒಳ್ಳೆಯವನಾಗಿ, ಬಿಗಿಯಾದ ಅಂಗಿ ತೊಟ್ಟು. 1990ರಲ್ಲಿ ಅದೂ ನಿಂತಿತು.

ಈಗ ನನ್ನ ದುಃಖದ ಮಾತು. ಕಾನೂನು ಈ ಮುಖಪುಟಗಳನ್ನು ನಾಶ ಮಾಡಲಿಲ್ಲ, ಬೈಂಡಿಂಗ್ ಮಾಡಿತು. ನಾನು ಹುಡುಗನಾಗಿದ್ದಾಗ ಓದಿದ ಗ್ರಂಥಾಲಯವೊಂದರಲ್ಲಿ ಹನ್ನೆರಡು ತಿಂಗಳ ಚಂದಮಾಮ ಸೇರಿಸಿ ಕ್ಯಾಲಿಕೊ ಬಟ್ಟೆಯ ರಟ್ಟು ಹಾಕಿಸುತ್ತಿದ್ದರು. ರಟ್ಟು ಕೂಡಲೆಂದು ಮೊದಲು ಮುಖಪುಟ ಕಿತ್ತು ಹಾಕುವುದು ವಾಡಿಕೆ. ಪುಸ್ತಕ ಬಾಳಿಕೆ ಬರಲಿ ಎಂಬ ಸದುದ್ದೇಶವೇ. ಆ ಕಟ್ಟುಗಳಲ್ಲಿ ಬೇತಾಳ ಭದ್ರವಾಗಿದ್ದ, ದೇವರು ರದ್ದಿಗೆ ಹೋಗಿದ್ದರು. ಈಚೆಗೆ ಹೋಗಿ ಕೇಳಿದರೆ ಕಟ್ಟುಗಳೂ ಇಲ್ಲ. ಹರಕು ಪುಸ್ತಕ ಎಂದು ತೂಕಕ್ಕೆ ಹಾಕಿದ್ದಾರೆ. ಬಾಡಿಗೆ ಲೈಬ್ರರಿಗಳ ಕಾದಂಬರಿಗಳ ಕಥೆಯೂ ಇದೇ. ಮುಖಪುಟ ಹೋದರೆ ಚಿತ್ರಕಾರನ ಸಹಿಯೂ ಹೋಯಿತು. ಬರೆದವನ ಹೆಸರು ಒಳಗೆ ಅಚ್ಚಾಗಿರುತ್ತದೆ, ಚಿತ್ರ ಬರೆದವನದು ಎಷ್ಟೋ ಸಲ ಚಿತ್ರದ ಮೂಲೆಯಲ್ಲಿ ಮಾತ್ರ.

ಅಮೆರಿಕದಲ್ಲಿ ವಿಚಾರಣೆಗೆ ಒಳಗಾದ ಮುಖಪುಟ ಇಂದಿಗೂ ಉಳಿದಿದೆ, ಅದರ ಮೇಲೆ ಪುಸ್ತಕಗಳೇ ಬಂದಿವೆ. ಇಲ್ಲಿ ಯಾರೂ ಬೈಯದ ಮುಖಪುಟಗಳು ಕಾಣೆಯಾಗಿವೆ.

ನಮ್ಮ ರೈತ ಗೆಳೆಯನ ಅಟ್ಟದ ಮೇಲೆ ಒಂದು ಟ್ರಂಕ್ ಇದೆ. ಅವನ ಚಿಕ್ಕಪ್ಪ ಕೂಡಿಟ್ಟದ್ದು. ಹನ್ನೊಂದು ಚಂದಮಾಮ, ಆರು ಇಂದ್ರಜಾಲ, ಅದರಲ್ಲಿ ಎರಡು ಮರಾಠಿ. ಗೆದ್ದಲು ಒಂದು ಮೂಲೆ ತಿಂದಿದೆ, ಮುಖಪುಟಗಳು ಹಾಗೇ ಇವೆ. ಕಟಾವು ಮುಗಿದ ಮೇಲೆ ಒಂದು ಭಾನುವಾರ ನಾಲ್ವರೂ ಕೂತು ಒಂದೊಂದರ ಫೋಟೊ ತೆಗೆದು, ತಿಂಗಳು, ವರ್ಷ, ಮೂಲೆಯಲ್ಲಿ ಸಹಿ ಕಂಡರೆ ಅದನ್ನೂ ವಹಿಯಲ್ಲಿ ಬರೆದಿಟ್ಟೆವು. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ ಇಂಥ ಟ್ರಂಕ್ ಇದ್ದರೆ, ರದ್ದಿಯವನನ್ನು ಕರೆಯುವ ಮೊದಲು ನಮಗೊಂದು ಮಾತು ಹೇಳಿ. ಪುಸ್ತಕ ನಿಮ್ಮ ಹತ್ತಿರವೇ ಇರಲಿ, ನಮಗೆ ಮುಖಪುಟದ ಫೋಟೊ ಸಾಕು.